ತ್ಯಾವಣಿಗೆ ದಾರಿಯಲ್ಲಿ ಸಿ.ಸಿ. ಲೆಕ್ಕ

ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ದಾರಿಯಲ್ಲಿ ನಮ್ಮ ತ್ಯಾವಣಿಗೆ ಸಿಗುತ್ತದೆ. ಭದ್ರಾ ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ನೋಡಬೇಕು ನೀವು! ಎತ್ತ ನೋಡಿದರೂ ಭತ್ತದ ಗದ್ದೆ, ಗದ್ದೆ ಮುಗಿದಲ್ಲಿ ಅಡಿಕೆ ತೋಟ, ಕೆಸರಲ್ಲಿ ಉಳುವ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳ ಸಾಲು. ಸಂತೇಬೆನ್ನೂರಿನ ಪುಷ್ಕರಣಿ, ಸೂಳೆಕೆರೆ ಎಲ್ಲ ಇಲ್ಲಿಂದ ಹತ್ತಿರವೇ. ಅವುಗಳ ವಿಷಯ ಇನ್ನೊಮ್ಮೆ ಬರೆದೇನು. ಈ ಸಲ ಟ್ರ್ಯಾಕ್ಟರಿನ ಮಾತು.

ಹೆಂಗಸರ ಪುಟದಲ್ಲಿ ಟ್ರ್ಯಾಕ್ಟರು ಯಾಕೆ ಅಂತೀರಾ? ಊರಲ್ಲಿರುವ ನಮ್ಮ ಅತ್ತೆಯವರನ್ನು ತಿಂಗಳಿಗೆರಡು ಸಲ ದಾವಣಗೆರೆಯ ಆಸ್ಪತ್ರೆಗೆ ತೋರಿಸಬೇಕು. ಅವರ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಆಗದು. ಅದಕ್ಕೇ ಕಾರಿನ ಮಾತು ಎದ್ದಿದೆ. ಕೈಯಲ್ಲಿರುವ ದುಡ್ಡು ಅಷ್ಟಕ್ಕಷ್ಟೆ, ಒಮ್ಮೆ ಕೊಂಡರೆ ಹತ್ತು ವರ್ಷ ಅದರಲ್ಲೇ ಓಡಾಡಬೇಕು. ನಮ್ಮವರು "ಸಣ್ಣದೇ ಸಾಕು" ಅನ್ನುತ್ತಾರೆ. ಮೈದುನ, "ಅತ್ತಿಗಿ, ಸಿ.ಸಿ. ಜಾಸ್ತಿ ಇದ್ರೆ ಗಾಡಿ ಜೋರು ಓಡ್ತೈತಿ, ದೊಡ್ಡದೇ ತಗೊಳ್ರಿ" ಅನ್ನುತ್ತಾನೆ. ಅತ್ತೆಯವರಂತೂ, "ಅದೆಂಥ ಸೀಸೆನೇ, ದಿನಾ ಅದೇ ಮಾತು" ಅಂತ ಕೇಳಿದರು!

ಸಿ.ಸಿ. ಅಂದರೆ ಘನ ಸೆಂಟಿಮೀಟರು. ನಮ್ಮ ಅಡುಗೆಮನೆಯ ಮಿಲಿಲೀಟರೇ ಅದು. ಇಂಜಿನ್ನಿನ ಸಿಲಿಂಡರುಗಳೊಳಗೆ ಪಿಸ್ಟನ್ನು ಮೇಲೆ ಕೆಳಗೆ ಆಡುವ ಜಾಗದ ಒಟ್ಟು ಅಳತೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಗೊತ್ತಲ್ಲ, ಅದರದು ಮೂರು ಸಿಲಿಂಡರು, ಒಟ್ಟು 796 ಸಿ.ಸಿ. ಒಂದೊಂದೂ 265, ಅಂದರೆ ಕಾಲು ಲೀಟರು ಹಾಲಿಗಿಂತ ಒಂದು ಗುಟುಕು ಹೆಚ್ಚು. ಹಳೆಯ ಅಂಬಾಸಿಡರಿನ 1489 ಸಿ.ಸಿ. ಇಂಜಿನ್ನಿನಲ್ಲಿ ನಾಲ್ಕು ಸಿಲಿಂಡರು, ಒಂದೊಂದೂ 372. ಪಾತ್ರೆ ದೊಡ್ಡದಾದಷ್ಟೂ ಒಮ್ಮೆಗೆ ಹಿಡಿಯುವ ಗಾಳಿ, ಪೆಟ್ರೋಲು ಹೆಚ್ಚು. ಉರಿದಾಗ ಪಿಸ್ಟನ್ನಿಗೆ ಬೀಳುವ ಒತ್ತೂ ಹೆಚ್ಚು.

ಹಾಗಾದರೆ ಮೈದುನನ ಮಾತು ಸರಿಯೇ? ಪೂರ್ತಿ ಅಲ್ಲ. ನಮ್ಮ ಗದ್ದೆಗಳಲ್ಲಿ ಉಳುವ 45 ಅಶ್ವಶಕ್ತಿಯ ಟ್ರ್ಯಾಕ್ಟರಿನ ಇಂಜಿನ್ನು ಸುಮಾರು 2700 ಸಿ.ಸಿ. ಆಲ್ಟೊ ಕೆ10 ಕಾರಿನದು ಬರೀ 998, ಆದರೆ ಶಕ್ತಿ 65 ದಾಟುತ್ತದೆ! ಗುಟ್ಟು ತಿರುಗುವ ವೇಗದಲ್ಲಿದೆ. ಟ್ರ್ಯಾಕ್ಟರು ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲೇ ದುಡಿಯುತ್ತದೆ, ಕಾರು ಐದು ಸಾವಿರ ದಾಟಿದಾಗ ಆ ಪೂರ್ತಿ ಶಕ್ತಿ ಕೊಡುತ್ತದೆ. ದೋಸೆ ಹಿಟ್ಟು ರುಬ್ಬುವ ಗ್ರೈಂಡರನ್ನೂ ಮಿಕ್ಸಿಯನ್ನೂ ನೆನೆಸಿಕೊಳ್ಳಿ. ಗ್ರೈಂಡರು ನಿಧಾನ, ಆದರೆ ಗಟ್ಟಿ ಹಿಟ್ಟಿಗೂ ಜಗ್ಗದು. ಮಿಕ್ಸಿ ಗಿರ್ರನೆ ತಿರುಗಿದರೂ ತುಂಬಿಸಿದರೆ ಗುಂಯ್ ಎಂದು ನಿಂತುಬಿಡುತ್ತದೆ.

ನಮ್ಮ ದಾರಿಗೆ ಇದು ಬರೀ ಲೆಕ್ಕವಲ್ಲ ನೋಡಿ. ಕುಕ್ಕುವಾಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರು ಮುಂದಿದೆ, ಎದುರಿನಿಂದ ಬಸ್ಸು ಬರುತ್ತಿದೆ, ಕಾರಿನಲ್ಲಿ ಐದು ಜನ, ಮೇಲೆ ಎ.ಸಿ. ಬೇರೆ. ಆಗ ಸಣ್ಣ ಇಂಜಿನ್ನು ಗೇರು ಇಳಿಸಿ, ಕೂಗಿ, ನಿಧಾನಕ್ಕೆ ವೇಗ ಹಿಡಿಯುತ್ತದೆ. ದಾಟಲು ಹೆಚ್ಚು ದೂರ ಬೇಕು. ಅಷ್ಟು ದೂರ ಖಾಲಿ ಕಾಣದಿದ್ದರೆ ಹಿಂದೆಯೇ ಇರುವುದು ವಾಸಿ. ನಿತ್ಯ ಒಬ್ಬರೋ ಇಬ್ಬರೋ ಊರೊಳಗೆ ಓಡಾಡುವವರಿಗೆ ಈ ತಾಪತ್ರಯವಿಲ್ಲ. ಅವರಿಗೆ ಒಂದು ಸಾವಿರ ಸಿ.ಸಿ. ಧಾರಾಳ, ಪೆಟ್ರೋಲೂ ಉಳಿತಾಯ.

ಈಗ ಟರ್ಬೊ ಅಂತ ಬಂದಿದೆ. ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವುದು. ಹೀಗೆ ಅದೇ 998 ಸಿ.ಸಿ.ಯಿಂದ ನೂರು ಅಶ್ವಶಕ್ತಿ ತೆಗೆಯುವ ಕಾರುಗಳಿವೆ. ಬೆಲೆಯೂ ಹಾಗೇ ಏರುತ್ತದೆ, ನಮ್ಮ ಚೀಲಕ್ಕೆ ಭಾರ.

ತೆರಿಗೆಯನ್ನೂ ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ ಉದ್ದದ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರಿಗೆ ಜಿ.ಎಸ್.ಟಿ. ಶೇಕಡಾ 18. ಮೀರಿದರೆ 40! ಡೀಸೆಲ್ಲಿಗೆ ಗೆರೆ 1500. ಅದಕ್ಕೇ ಅಂಗಡಿಯಲ್ಲಿ 1197, 1199 ಎಂಬ ಅಂಕಿಗಳು ಕಾಣುವುದು.

ನಾನು ಹೇಳಿರುವುದು ಇಷ್ಟೆ: 1200 ಸಿ.ಸಿ.ಯದನ್ನು ನೋಡೋಣ, ಆದರೆ ಮಾರುವವನೊಬ್ಬನ ಪಕ್ಕ ಕೂತು ಓಡಿಸಿ ಒಪ್ಪಬೇಡಿ. ಅತ್ತೆಯವರೂ ಸೇರಿ ಐದೂ ಜನ ಕೂರೋಣ, ಎ.ಸಿ. ಹಾಕಿಸೋಣ, ಏರು ಇರುವ ರಸ್ತೆಗೇ ತರಿಸೋಣ. ಬರುವ ಸೋಮವಾರ ಹೋಗುವುದೆಂದಾಗಿದೆ. ಅತ್ತೆಯವರು ಆಗಲೇ ಒಂದು ಷರತ್ತು ಹಾಕಿದ್ದಾರೆ: ಸಿ.ಸಿ. ಎಷ್ಟಾದರೂ ಇರಲಿ, ಕೂರುವ ಸೀಟು ತಗ್ಗಿನಲ್ಲಿ ಇರಬಾರದು.