ಎಣ್ಣೆಯ ಜಾಡು ಹಿಡಿದು

ಮಲೆನಾಡಿನಲ್ಲಿ ಜೀಪಿರುವ ಮನೆಯನ್ನು ಗುರುತಿಸಲು ಜೀಪೇ ಎದುರಿಗೆ ನಿಂತಿರಬೇಕೆಂದಿಲ್ಲ. ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲೋ ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೋ ನೆಲದ ಮೇಲಿನ ಕಪ್ಪು ಕಲೆಗಳೇ ಅದನ್ನು ಹೇಳುತ್ತವೆ. ಎಂಜಿನ್ನಿನ ಕೆಳಗೊಂದು, ಗೇರ್ ಬಾಕ್ಸಿನ ಕೆಳಗೊಂದು, ಹಿಂದಿನ ಆಕ್ಸಲಿನ ಕೆಳಗೊಂದು. ಕಲೆಗಳ ನಡುವಿನ ಅಂತರ ನೋಡಿ ಗಾಡಿ ಯಾವ ಕಡೆಗೆ ಮುಖ ಮಾಡಿ ನಿಲ್ಲುತ್ತದೆಂದೂ ತಿಳಿಯಬಹುದು. ನಮ್ಮಲ್ಲಿ ಇದನ್ನು ಯಾರೂ ದೂರುವುದಿಲ್ಲ. ‘ಜೀಪು ಅಂದ್ಮೇಲೆ ಆಯಿಲು ಸೋರ್ದೇ ಇರ್ತದಾ’ ಎಂದು ಹಿರಿಯರು ಹೇಳಿದ್ದನ್ನೇ ಕಿರಿಯರೂ ಹೇಳುತ್ತಾರೆ. ಮಳೆಗಾಲಕ್ಕೆ ಮುಂಚೆ ಒಂದು ಕ್ಯಾನ್ ಆಯಿಲು ತಂದಿಟ್ಟುಕೊಂಡು, ಕೆಳಗೆ ಹೋದಷ್ಟನ್ನು ಮೇಲಿನಿಂದ ಸುರಿಯುತ್ತ ವರ್ಷಗಳನ್ನೇ ಕಳೆಯುತ್ತಾರೆ. ಈ ಒಪ್ಪಿಗೆ ನನಗೆ ಎಂದೂ ಹಿಡಿಸಿದ್ದಲ್ಲ. ಹಳೆಯ ಗಾಡಿಯ ಪ್ರತಿ ಹನಿಗೂ ಹೊರಟ ಜಾಗವೊಂದಿದೆ, ಹೊರಡಲು ಕಾರಣವೊಂದಿದೆ. ಎರಡನ್ನೂ ಹುಡುಕದೆ ಎಲ್ಲವನ್ನೂ ಮುಪ್ಪಿನ ತಲೆಗೆ ಕಟ್ಟುವುದು ಸರಿಯಲ್ಲ.

ನಮ್ಮ ಮನೆಯದು ಸಿಜೆ3ಬಿ. ಎತ್ತರದ ಬಾನೆಟ್ಟು, ಅದರೊಳಗೆ ಹರಿಕೇನ್ ಎಂಬ ನಾಲ್ಕು ಸಿಲಿಂಡರಿನ, ಸುಮಾರು 2.2 ಲೀಟರಿನ ಪೆಟ್ರೋಲ್ ಎಂಜಿನ್ನು. ಸುತ್ತಲಿನವರು ಒಬ್ಬೊಬ್ಬರಾಗಿ ಡೀಸೆಲ್ ಎಂಜಿನ್ನು ಕೂರಿಸಿಕೊಂಡಾಗಲೂ ನಮ್ಮದು ಹಾಗೇ ಉಳಿಯಿತು. ಎರಡನೇ ಮಹಾಯುದ್ಧದ ಜೀಪಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನಲ್ಲೇ, ಸಿಲಿಂಡರುಗಳ ಪಕ್ಕದಲ್ಲಿದ್ದವು. ಹರಿಕೇನಿನಲ್ಲಿ ಗಾಳಿ-ಪೆಟ್ರೋಲು ಒಳಗೆ ಬಿಡುವ ವಾಲ್ವುಗಳು ಹೆಡ್ಡಿಗೆ ಏರಿದವು, ಹೊಗೆ ಹೊರಹಾಕುವವು ಬ್ಲಾಕಿನಲ್ಲೇ ಉಳಿದವು. ಎಂಜಿನ್ನು ಎತ್ತರವಾದ್ದರಿಂದ ಅದನ್ನು ಮುಚ್ಚುವ ಬಾನೆಟ್ಟೂ ಎತ್ತರವಾಯಿತು. ಇದರಿಂದ ಬಲ ಹೆಚ್ಚಿತು. ಜೊತೆಗೆ ವಾಲ್ವುಗಳ ಎಣ್ಣೆ ತಡೆಯಬೇಕಾದ ಮುಚ್ಚಳಗಳೂ ಮೇಲೊಂದು, ಪಕ್ಕಕ್ಕೊಂದು ಎಂದು ಎರಡಾದವು.

ಅಮೆರಿಕದಲ್ಲಿ ಈ ಮಾದರಿ 1953ರಲ್ಲಿ ಬಂದು 1968ರಲ್ಲಿ ನಿಂತಿತು. ಭಾರತದಲ್ಲಿ ಅದರ ಆಯುಸ್ಸು ಇನ್ನೂ ಬಹಳ ಮುಂದಕ್ಕೆ ಹೋಯಿತು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ ಸಂಸ್ಥೆಯ ಪಾಲುದಾರ ಗುಲಾಮ್ ಮೊಹಮ್ಮದ್ ದೇಶ ಒಡೆದ ಮೇಲೆ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಸಂಸ್ಥೆಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ವಿಲ್ಲೀಸ್ ಜೀಪಿನ ಭಾಗಗಳನ್ನು ತರಿಸಿ ಇಲ್ಲಿ ಜೋಡಿಸುತ್ತಿದ್ದ ಆ ಸಂಸ್ಥೆ ಮುಂದೆ ತಾನೇ ತಯಾರಿಸತೊಡಗಿತು. ಯುದ್ಧಕ್ಕೆಂದು ಹುಟ್ಟಿದ ಗಾಡಿ ಹೀಗೆ ಕಾಫಿ ತೋಟಕ್ಕೂ ಅಡಿಕೆ ತೋಟಕ್ಕೂ ಬಂದು ಸೇರಿತು.

ಬಂದ ಮೇಲೆ ಅದು ಮಾಡಿದ ಕೆಲಸವನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಗೊಬ್ಬರದ ಮೂಟೆ, ಕಾಫಿ ಚೀಲ, ಅಡಿಕೆ ಗೊನೆ, ಮದುವೆ ದಿಬ್ಬಣ, ಆಸ್ಪತ್ರೆಗೆ ಹೊರಟ ಬಸುರಿ, ಎಲ್ಲವೂ ಅದರಲ್ಲೇ. ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ, ಜುಲೈ ತಿಂಗಳ ಕೆಸರಿನ ಏರಿನಲ್ಲಿ, ಫೋರ್ ವೀಲ್ ಹಾಕಿ ಲೋ ಗೇರಿಗೆ ಬಿದ್ದು ಒಂದೇ ಸಮನೆ ಹತ್ತುವ ಜೀಪಿನ ದನಿ ಕೇಳಿದರೆ ಮನೆಯವರಿಗೆ ಜೀವ ಬಂದಂತಾಗುತ್ತಿತ್ತು. ಕೊಡಚಾದ್ರಿಗೆ, ಮಡಿಕೇರಿ ಹತ್ತಿರದ ಮಾಂದಲಪಟ್ಟಿಗೆ ಪ್ರವಾಸಿಗಳನ್ನು ಹೊತ್ತು ಏರುವುದು ಇಂದಿಗೂ ಜೀಪುಗಳೇ.

ನಮ್ಮ ನೆಲದ ಈ ಓರೆಯೇ ಎಣ್ಣೆಯ ಕತೆಯಲ್ಲೂ ಪಾತ್ರವಹಿಸುತ್ತದೆ. ಏರು ಹತ್ತುವಾಗ ಎಂಜಿನ್ನಿನ ತಳದ ಚೇಂಬರಿನಲ್ಲಿರುವ ಎಣ್ಣೆ ಹಿಂದಕ್ಕೆ ಸರಿದು ಕ್ರ್ಯಾಂಕ್ ಶಾಫ್ಟಿನ ಹಿಂತುದಿಯ ಸೀಲಿನ ಕಡೆಗೆ ಒತ್ತರಿಸುತ್ತದೆ. ಮೂತಿ ಮೇಲೆ ಮಾಡಿ ನಿಲ್ಲಿಸಿದ ಗಾಡಿಯಲ್ಲೂ ಹಾಗೆಯೇ. ಬಯಲುಸೀಮೆಯಲ್ಲಿ ಒಣಗಿಯೇ ಇರುವ ಸೀಲು ಇಲ್ಲಿ ತೊಟ್ಟಿಕ್ಕಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಪೇಟೆಯಲ್ಲಿ ನಮ್ಮ ಮೇಸ್ತ್ರಿಗಳು ಬಹಳ ಕಾಲದಿಂದ ಜೀಪುಗಳನ್ನೇ ನೋಡಿಕೊಂಡು ಬಂದವರು. ನಾನು ಗಾಡಿಯ ಕೆಳಗೆ ಬಗ್ಗಿ ಹನಿ ತೋರಿಸಿದಾಗ ಅವರು ಬಗ್ಗಲೇ ಇಲ್ಲ, ಬಾನೆಟ್ಟು ತೆಗೆದರು. “ಬಿದ್ದ ಜಾಗ ಬಿಡಿ ಗೌಡ್ರೇ, ಒದ್ದೆ ಎಲ್ಲಿಂದ ಶುರು ಆಗಿದೆ ನೋಡುವ” ಎಂದರು. ಈ ಕೆಲಸದ ಮೊದಲ ಪಾಠವೂ ದೊಡ್ಡ ಪಾಠವೂ ಅದೇ. ಎಣ್ಣೆ ಇಳಿಯುತ್ತದೆ. ಗಾಡಿ ಓಡುವಾಗ ಫ್ಯಾನಿನ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಮುಂಭಾಗದ ಮೇಲಿನ ಮುಚ್ಚಳದಲ್ಲಿ ಹೊರಟದ್ದು ಬ್ಲಾಕಿನ ಗುಂಟ ಇಳಿದು, ಚೇಂಬರಿನ ಅಂಚು ಹಿಡಿದು, ಕೊನೆಗೆ ಹಿಂದಿನ ಬೋಲ್ಟೊಂದರ ತುದಿಯಲ್ಲಿ ಹನಿಯಾಗುತ್ತದೆ. ಆ ಹನಿಯನ್ನು ನಂಬಿ ಚೇಂಬರ್ ಬಿಚ್ಚಿದವರು ಅದನ್ನು ಮತ್ತೆ ಮತ್ತೆ ಬಿಚ್ಚುತ್ತಲೇ ಇರುತ್ತಾರೆ.

ಹಾಗಾಗಿ ಮೊದಲು ತೊಳೆಯುವುದು. ದಶಕಗಳ ಎಣ್ಣೆಗೆ ಘಟ್ಟದ ಕೆಂಪು ಧೂಳು ಸೇರಿ ಹೆಪ್ಪುಗಟ್ಟಿದ ಪದರವನ್ನು ಕೆರೆದು, ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಟ್ಟೆವು. ತೊಳೆದ ಮೇಲೆ ಬ್ಲಾಕಿನ ಅಚ್ಚಿನ ಅಂಕಿಗಳು ಕಂಡವು, ಹಿಂದಿನವರು ಬಳಿದ ಬಣ್ಣ ಕಂಡಿತು. ಆಮೇಲೆ ಜೋಡಣೆಯಿರುವ ಕಡೆಯೆಲ್ಲ ಸೀಮೆಸುಣ್ಣದ ಪುಡಿ ಊದಿ ಎಂಜಿನ್ನು ಚಾಲೂ ಮಾಡಿದೆವು. ಎಂಜಿನ್ನು ಬಿಸಿಯಾಗಿ ಎಣ್ಣೆ ತೆಳುವಾದಾಗ ಬಿಳಿ ಪುಡಿಯ ಮೇಲೆ ಕಪ್ಪು ಗೆರೆಗಳು ತಾವಾಗಿ ಮೂಡಿದವು. ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರಿನ, ಹಿಂಬದಿಯಲ್ಲಿ ಒಂದು, ಆಯಿಲ್ ಫಿಲ್ಟರಿಗೆ ಹೋಗುವ ಹಳೆಯ ಪೈಪಿನ ತುದಿಯಲ್ಲಿ ಇನ್ನೊಂದು.

ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ, ಕ್ಲಚ್ ಕೂರುವ ಬೆಲ್ ಹೌಸಿಂಗಿನ ತಳದಿಂದ ಬೀಳುವ ಹನಿಗೆ ಮಾತ್ರ ಈ ಪುಡಿ ಸಾಲದು. ಒಳಗಿರುವುದು ಕಣ್ಣಿಗೆ ಕಾಣುವುದಿಲ್ಲ, ಮೂಗನ್ನು ನಂಬಬೇಕು. ಗೇರ್ ಆಯಿಲಿನಲ್ಲಿ ಗಂಧಕದ ಅಂಶವಿರುವುದರಿಂದ ಅದರ ಘಾಟು ಬೇರೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಅದಾದರೆ ಗೇರ್ ಬಾಕ್ಸಿನ ಮುಂದಿನ ಸೀಲು ನೋಡಬೇಕು. ಘಾಟಿಲ್ಲದ ಕಪ್ಪು ಎಣ್ಣೆಯಾದರೆ ಎಂಜಿನ್ನಿನದು. ಅಲ್ಲೂ ಶಂಕೆಗೆ ಮೂವರಿದ್ದಾರೆ: ಕ್ರ್ಯಾಂಕಿನ ಹಿಂದಿನ ಸೀಲು, ಹಿಂದಿನ ಮೇನ್ ಬೇರಿಂಗ್ ಕ್ಯಾಪಿನ ಎರಡೂ ಪಕ್ಕದಲ್ಲಿ ತುರುಕುವ ರಬ್ಬರ್ ಕಡ್ಡಿಗಳು, ಕ್ಯಾಮ್ ಶಾಫ್ಟಿನ ಹಿಂತುದಿಯನ್ನು ಮುಚ್ಚುವ ಬಿಲ್ಲೆ. ದೊಡ್ಡ ಸೀಲನ್ನು ಬದಲಿಸಿ ಪುಟ್ಟ ಬಿಲ್ಲೆಯನ್ನು ಮರೆತರೆ ಗೇರ್ ಬಾಕ್ಸ್ ಇಳಿಸಿ ಏರಿಸಿದ ಶ್ರಮವೆಲ್ಲ ವ್ಯರ್ಥ. ಈ ಸೋರಿಕೆಯನ್ನು ಹಗುರವಾಗಿ ನೋಡುವಂತೆಯೂ ಇಲ್ಲ. ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿದರೆ ತುಂಬಿದ ಗಾಡಿ ಏರಿನ ಮಧ್ಯದಲ್ಲಿ ಬಲ ಬಿಡುತ್ತದೆ.

ಆದರೆ ಒಂದು ಸೀಲನ್ನೂ ಮುಟ್ಟುವ ಮುಂಚೆ ಮೇಸ್ತ್ರಿಗಳು ಕೈ ಹಾಕಿದ್ದು ಎಂಜಿನ್ನಿನ ಒಳಗಾಳಿಯನ್ನು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಳೆದುಕೊಳ್ಳುವ ಬೆರಳುದ್ದದ ವಾಲ್ವಿಗೆ. ಸಿಲಿಂಡರಿನಲ್ಲಿ ಪೆಟ್ರೋಲು ಉರಿದಾಗ ಸ್ವಲ್ಪ ಹೊಗೆ ಪಿಸ್ಟನ್ ರಿಂಗುಗಳ ಸಂದಿನಲ್ಲಿ ನುಸುಳಿ ಕೆಳಗಿಳಿಯುತ್ತದೆ. ಹೊಸ ಎಂಜಿನ್ನಿನಲ್ಲೂ ಇದುಂಟು, ರಿಂಗು ಸವೆದಷ್ಟೂ ಹೆಚ್ಚು. ಆ ಹೊಗೆಗೆ ಹೊರದಾರಿ ಬೇಕು. ವಾಲ್ವಿನೊಳಗೆ ಮಸಿ ಕಟ್ಟಿ ದಾರಿ ಮುಚ್ಚಿತೋ, ಅನ್ನ ಬೇಯುವ ಪಾತ್ರೆಯ ಮುಚ್ಚಳಕ್ಕೆ ಕಲ್ಲು ಹೇರಿದಂತೆ, ಒಳಗಿನ ಒತ್ತಡ ಸಂದು ಸಿಕ್ಕಲ್ಲೆಲ್ಲ ಎಣ್ಣೆಯನ್ನು ಹೊರಗೆ ನೂಕುತ್ತದೆ. ಆಗ ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ಹೊರಡುತ್ತದೆ. ಇಡೀ ಎಂಜಿನ್ನು ಹಾಳಾಗಿದೆ ಎಂದು ಜನ ಕೈಚೆಲ್ಲುವುದು ಇಂಥ ಹೊತ್ತಿನಲ್ಲಿ. ನಮ್ಮ ವಾಲ್ವನ್ನು ಬಿಚ್ಚಿ ಅಲ್ಲಾಡಿಸಿದರೆ ಸದ್ದೇ ಇಲ್ಲ, ಒಳಗಿನ ಗುಂಡು ಮಸಿಯಲ್ಲಿ ಹೂತುಹೋಗಿತ್ತು. ತೊಳೆದು ಹಾಕಿದ ಮೇಲೆ ಪಕ್ಕದ ಮುಚ್ಚಳದ ಜಿನುಗು, ಅದಕ್ಕೆ ಏನೂ ಮಾಡದೆಯೇ, ನಿಂತುಹೋಯಿತು. ರಿಂಗುಗಳ ಸ್ಥಿತಿಯನ್ನೂ ಅವರು ಅಂದೇ ನೋಡಿದರು. ಪ್ಲಗ್ಗು ಬಿಚ್ಚಿ ಕಂಪ್ರೆಶನ್ ಅಳೆದು, ಅದೇ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಎಣ್ಣೆ ಬಿಟ್ಟ ಮೇಲೆ ಮುಳ್ಳು ಬಹಳ ಮೇಲೆ ಹೋದರೆ ರಿಂಗು ಸವೆದಿವೆ ಎಂದರ್ಥ. ನಮ್ಮದು ಅಷ್ಟಾಗಿ ಏರಲಿಲ್ಲ. ಎಂಜಿನ್ನಿನಲ್ಲಿ ಇನ್ನೂ ಜೀವವಿತ್ತು.

ಟ್ಯಾಪೆಟ್ ಕವರಿನ ಪ್ಯಾಕಿಂಗು ಕಾರ್ಕಿನದು. ಕಾರ್ಕು ಪೋರ್ಚುಗಲ್, ಸ್ಪೇನ್ ಕಡೆ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ. ಮರ ಕಡಿಯದೆ, ಒಂಬತ್ತು ವರ್ಷಕ್ಕೊಮ್ಮೆ ತೊಗಟೆಯನ್ನಷ್ಟೇ ಸುಲಿಯುತ್ತಾರೆ, ಮರ ಮತ್ತೆ ತೊಗಟೆ ಕಟ್ಟಿಕೊಳ್ಳುತ್ತದೆ. 1665ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ಕಂಡ ಪುಟ್ಟ ಪುಟ್ಟ ಕೋಣೆಗಳ ಚಿತ್ರ ಬಿಡಿಸಿದ್ದು ಇದೇ ಕಾರ್ಕಿನದು. ಆ ಕೋಣೆಗಳಲ್ಲಿ ಗಾಳಿ ತುಂಬಿರುವುದರಿಂದ ಮೇಲಿನಿಂದ ಅದುಮಿದಾಗ ಕಾರ್ಕು ಪಕ್ಕಕ್ಕೆ ಉಬ್ಬದೆ ತನ್ನೊಳಗೇ ಕುಗ್ಗಿ, ಲೋಹದ ಉಬ್ಬುತಗ್ಗಿಗೆ ಒಗ್ಗಿಕೊಳ್ಳುತ್ತದೆ. ಒಂದು ಮಿತಿಯವರೆಗೆ ಮಾತ್ರ. ಸೋರುತ್ತದೆಂದು ಪಾನಾ ಹಾಕಿ ತಿರುಗಿಸುತ್ತ ಹೋದರೆ ಕಾರ್ಕು ಸೀಳುತ್ತದೆ, ತಗಡಿನ ಮುಚ್ಚಳ ಬೋಲ್ಟಿನ ಸುತ್ತ ಗುಳಿ ಬೀಳುತ್ತದೆ. ಗುಳಿಯಲ್ಲಿ ಬಿಗಿ, ನಡುವೆ ಸಡಿಲ. ಹಳೆಯ ಜೀಪುಗಳ ಚೇಂಬರಿನ ಅಂಚನ್ನು ಬೆಳಕಿಗೆ ಹಿಡಿದರೆ ಯಾರೋ ಎಂದೋ ಬಿಗಿದ ಕೈಗಳ ಗುರುತು ಸಾಲಾಗಿ ಕಾಣುತ್ತದೆ. ಮೇಸ್ತ್ರಿಗಳು ಆ ಅಂಚನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಮಟ್ಟ ಮಾಡಿದರು. ಅಂಗಡಿಯಲ್ಲಿ ಬಹಳ ದಿನ ಬಿದ್ದು ಒಣಗಿ ಕಿರಿದಾಗಿದ್ದ ಹೊಸ ಪ್ಯಾಕಿಂಗನ್ನು ಬಿಸಿನೀರಿನಲ್ಲಿ ನೆನೆಸಿ ಅಳತೆಗೆ ತಂದರು. ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಎದುರುಬದುರಾಗಿ, ಪ್ರತಿಯೊಂದನ್ನೂ ಸ್ವಲ್ಪಸ್ವಲ್ಪವೇ ಬಿಗಿದರು. ಎಲ್ಲಿ ನಿಲ್ಲಿಸಬೇಕೆಂದು ಅವರ ಮಣಿಕಟ್ಟಿಗೆ ಗೊತ್ತಿತ್ತು. ಅದನ್ನು ಪಕ್ಕದಲ್ಲಿ ನಿಂತು ನೋಡಿ ಕಲಿಯಬೇಕು.

ಹಿಂದಿನ ಮೇನ್ ಬೇರಿಂಗಿನಲ್ಲಿದ್ದದ್ದು ಹಗ್ಗದ ಸೀಲು. ಗ್ರಾಫೈಟ್ ಹಿಡಿಸಿದ ಹಗ್ಗದ ಎರಡು ತುಂಡುಗಳು, ಮೇಲೆ ಬ್ಲಾಕಿನಲ್ಲಿ ಅರ್ಧ, ಕೆಳಗೆ ಕ್ಯಾಪಿನಲ್ಲಿ ಅರ್ಧ. ಅಂದಿನ ಹಗ್ಗಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿದ್ದುದರಿಂದ ಹಳೆಯದನ್ನು ಒಣಗಿದ್ದಾಗ ಕೆರೆಯಬಾರದು, ಗಾಳಿ ಹೊಡೆದು ಸ್ವಚ್ಛ ಮಾಡಲೂ ಬಾರದು. ಒದ್ದೆ ಮಾಡಿಯೇ ತೆಗೆದು ಚೀಲದಲ್ಲಿ ಕಟ್ಟಿದೆವು. ಹೊಸ ಹಗ್ಗವನ್ನು ಎಂಜಿನ್ ಆಯಿಲಿನಲ್ಲಿ ನೆನೆಯಿಟ್ಟು, ಅದರ ತೋಡಿನಲ್ಲಿ ಕೂರಿಸಿ, ನುಣುಪಾದ ದುಂಡು ಸರಳಿನಿಂದ ಉರುಳಿಸುತ್ತ ಅದುಮಿ, ತುದಿಗಳನ್ನು ಹರಿತ ಬ್ಲೇಡಿನಿಂದ ಕೊಯ್ಯಬೇಕು. ಒಂದು ಎಳೆ ಜೋಡಣೆಯ ಸಂದಿಗೆ ಸಿಕ್ಕಿದರೂ ಕ್ಯಾಪು ಸರಿಯಾಗಿ ಕೂರುವುದಿಲ್ಲ. ಇಂಥ ಸೀಲು ಶಾಫ್ಟನ್ನು ಉಜ್ಜುತ್ತ, ಎಣ್ಣೆಯಲ್ಲಿ ನೆನೆದೇ ಬದುಕುವಂಥದ್ದು. ಅದರ ಮೈ ತುಸು ಒದ್ದೆಯಿದ್ದರೆ ತಪ್ಪಿಲ್ಲ, ತೊಟ್ಟಿಕ್ಕಬಾರದು.

ಎಂಜಿನ್ನಿನಿಂದ ಹಿಂದಕ್ಕೆ ಹೋದರೆ ಟ್ರಾನ್ಸ್‌ಫರ್ ಕೇಸು. ಈ ಜೀಪುಗಳ ಹ್ಯಾಂಡ್ ಬ್ರೇಕಿನ ಡ್ರಮ್ಮು ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂತುದಿಯಲ್ಲಿದೆ. ಅಲ್ಲಿನ ಸೀಲು ಹೋದರೆ ಗೇರ್ ಆಯಿಲು ನೇರವಾಗಿ ಬ್ರೇಕಿನೊಳಕ್ಕೆ ಇಳಿಯುತ್ತದೆ, ಲಿವರ್ ಎಷ್ಟು ಎಳೆದರೂ ಹಿಡಿಯುವುದಿಲ್ಲ. ಮಲೆನಾಡಿನ ಜೀಪಿನ ಹಿಂದಿನ ಸೀಟಿನಡಿ ಸದಾ ಚಕ್ರಕ್ಕೆ ಅಡ್ಡ ಕೊಡುವ ಒಂದು ಮರದ ಉಟ್ಟು ಇರುವುದು ಇದಕ್ಕೇ. ಇಳಿಜಾರಿನಲ್ಲಿ ಕ್ಲೀನರ್ ಹುಡುಗ ಮೊದಲು ಹಾರಿ ಚಕ್ರಕ್ಕೆ ಉಟ್ಟು ಕೊಡುತ್ತಿದ್ದುದನ್ನು ನೋಡಿ ಬೆಳೆದವನು ನಾನು. ನೂರಾರು ರೂಪಾಯಿಯೂ ಆಗದ ಒಂದು ರಬ್ಬರ್ ಬಳೆಯಿಂದ ತಪ್ಪಬಹುದಾದ ಅಪಾಯಕ್ಕೆ ಮಕ್ಕಳ ಕೈಕಾಲು ಒಡ್ಡಬಾರದು.

ಇನ್ನು ನೆಲದ ಮಾತು. ಸುಟ್ಟ ಆಯಿಲನ್ನು ಬೇಲಿ ಗೂಟಕ್ಕೆ, ಮಾಡಿನ ಪಕಾಸಿಗೆ ಗೆದ್ದಲು ಹಿಡಿಯದಿರಲೆಂದು ಬಳಿಯುವುದು ನಮ್ಮ ಕಡೆಯ ರೂಢಿ. ಆದರೆ ಎಂಜಿನ್ನಿನೊಳಗೆ ತಿರುಗಿ ಬಂದ ಎಣ್ಣೆಯಲ್ಲಿ ಸವೆದ ಲೋಹದ ಕಣಗಳಿರುತ್ತವೆ, ಮಸಿಯಿರುತ್ತದೆ, ಅರೆಬೆಂದ ವಿಷಗಳಿರುತ್ತವೆ. ಅದಕ್ಕಾಗಿಯೇ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನೂ ಒಳಗೊಂಡಿವೆ. ಅಂಗಳದಲ್ಲಿ ಬಿದ್ದದ್ದು ಮೊದಲ ಮಳೆಗೆ ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೋ ಭದ್ರೆಗೋ ಸೇರುತ್ತದೆ. ಕೆಳಗಿನ ಮನೆಯವರು ಕುಡಿಯುವುದು ಅದೇ ಹಳ್ಳದ ನೀರು. ಇದೊಂದು ಯೋಚನೆ ಸಾಕು, ಸೋರಿಕೆಯನ್ನು ಜೀಪಿನ ಸ್ವಭಾವವೆಂದು ಸುಮ್ಮನಿರಲಾಗುವುದಿಲ್ಲ. ನಾವೀಗ ಇಳಿಸಿದ ಎಣ್ಣೆಯನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಬಳಸಿದ ಎಣ್ಣೆ ಸಂಗ್ರಹಿಸಿ ಶುದ್ಧೀಕರಣಕ್ಕೆ ಕಳಿಸುವವರಿಗೇ ಕೊಡುತ್ತೇವೆ.

ಹಳೆಯ ಜೀಪಿನ ಸಾಮಾನು ಇಂದಿಗೂ ಸಿಗುತ್ತದೆ. ವಿರಳವಾಗುತ್ತಿರುವುದು ತೊಳೆದು, ಕಾದು, ಮೇಲಿನಿಂದ ಕೆಳಕ್ಕೆ ನೋಡುವ ತಾಳ್ಮೆ. ಟ್ಯೂಬಿನಿಂದ ಅಂಟು ಹಿಂಡಿ ಕಳಿಸುವ ಕಡೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಹೆಚ್ಚಾಗಿ ಒಳಗೆ ಹಿಂಡಿದ ಅಂಟು ಕಿತ್ತು ಎಣ್ಣೆ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನೇ ಹೋಗುತ್ತದೆ. ನಮ್ಮ ಮೇಸ್ತ್ರಿಗಳಿಗೆ ವಯಸ್ಸಾಗಿದೆ, ಜೀಪಿನ ಕೆಲಸ ಕಲಿಯಲು ಬರುವ ಹುಡುಗರು ಕಡಿಮೆ. ಅವರ ಕೈಯಲ್ಲಿರುವುದು ಇನ್ನೊಂದು ಕೈಗೆ ಹೋಗಲೇಬೇಕು. ಈ ಬೇಸಗೆಯಲ್ಲಿ ಟ್ರಾನ್ಸ್‌ಫರ್ ಕೇಸು ಬಿಚ್ಚುವುದೆಂದು ಗೊತ್ತಾಗಿದೆ. ಐಟಿಐ ಓದುತ್ತಿರುವ ತಮ್ಮನ ಮಗ ತಾನೂ ಬರುತ್ತೇನೆಂದಿದ್ದಾನೆ. ಮೊದಲ ದಿನ ಅವನ ಕೈಗೆ ಡೀಸೆಲ್ಲು, ಬ್ರಷ್ಷು, ಸೀಮೆಸುಣ್ಣದ ಪುಡಿ ಕೊಡುವುದೆಂದು ಮೇಸ್ತ್ರಿಗಳೂ ನಾನೂ ಮಾತಾಡಿಕೊಂಡಿದ್ದೇವೆ. ಪಾನಾ ಮರುದಿನ.