ಶೆಡ್ಡಿನ ಹೊಟ್ಟಿನಲ್ಲಿ ಉಳಿಯುವುದು

ಬ್ರಾಯ್ಲರ್ ಕೋಳಿ ಬದುಕುವುದು ಸುಮಾರು ಆರು ವಾರ. 2012ರಲ್ಲಿ ತಿದ್ದುಪಡಿಯಾದ ನಮ್ಮ ಔಷಧಿ ನಿಯಮದಂತೆ, ಎಷ್ಟು ದಿನ ಕಾಯಬೇಕೆಂದು ಪರೀಕ್ಷೆಯಿಂದ ಗೊತ್ತಾಗಿರದ ಔಷಧಿ ಕೊಟ್ಟರೆ ಮಾಂಸ ಮಾರಲು ಕನಿಷ್ಠ 28 ದಿನ, ಮೊಟ್ಟೆ ಮಾರಲು ಕನಿಷ್ಠ 7 ದಿನ ಬಿಡಬೇಕು. ಆರು ವಾರದಲ್ಲಿ 28 ದಿನ ಕಳೆದರೆ ಔಷಧಿಗೆ ಉಳಿಯುವುದು ಮರಿಯ ಮೊದಲ ಎರಡು ವಾರ ಮಾತ್ರ. ಗೊರಗೊರ ಉಸಿರು, ಭೇದಿ ಆ ಎರಡು ವಾರ ನೋಡಿಕೊಂಡು ಬರುತ್ತವೆಯೇ?

ಈ 28 ದಿನದಲ್ಲಿ ನಡೆಯುವುದೇನು? ನನ್ನನ್ನು ಕಾಡುವುದು ಇದೇ. ಕೊಟ್ಟ ಔಷಧಿಯೆಲ್ಲ ಕೋಳಿಯ ಮೈಯಲ್ಲಿ ಕರಗಿಹೋಗುವುದಿಲ್ಲ. ಬಹುಪಾಲು ಆಂಟಿಬಯಾಟಿಕ್‌ಗಳು ಒಂದಷ್ಟು ಬದಲಾಗದೆ, ಇನ್ನೊಂದಷ್ಟು ರೂಪ ಬದಲಿಸಿ ಹಿಕ್ಕೆಯ ಜೊತೆ ಹೊರಬೀಳುತ್ತವೆ. ಕೋಳಿಗೆ ಕೊಡುವ ಆಂಟಿಬಯಾಟಿಕ್ ಎನ್ರೋಫ್ಲಾಕ್ಸಾಸಿನ್‌ನ ಒಂದು ಪಾಲು ಕೋಳಿಯ ಮೈಯಲ್ಲೇ ಸಿಪ್ರೊಫ್ಲಾಕ್ಸಾಸಿನ್ ಆಗುತ್ತದೆ; ನಮಗೆ ಮೂತ್ರದ ಸೋಂಕಾದಾಗ ಡಾಕ್ಟರು ಬರೆದುಕೊಡುವ ಅದೇ ಸಿಪ್ರೊ. ಅಂದರೆ ಮಾಂಸ ಶುದ್ಧವಾದಷ್ಟೂ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಔಷಧಿ ತುಂಬಿಕೊಳ್ಳುತ್ತದೆ. ಕಾಯುವ ಅವಧಿ ಊಟದ ತಟ್ಟೆಯನ್ನು ಕಾಪಾಡುತ್ತದೆ, ಸರಿ. ಹೊಟ್ಟಿಗೆ ಎಷ್ಟು ದಿನ?

ಕಾಂಟ್ರಾಕ್ಟ್ ಸಾಕಣೆಯಲ್ಲಿ ಮರಿ, ಫೀಡ್, ಔಷಧಿ ಕಂಪನಿಯದು. ಶೆಡ್ಡು, ನೀರು, ಕರೆಂಟು, ದುಡಿಮೆ ರೈತನದು. ಬ್ಯಾಚ್ ಮುಗಿದಾಗ ಕೋಳಿ ಕಂಪನಿಯ ಲಾರಿ ಹತ್ತುತ್ತದೆ, ಹಿಕ್ಕೆ ಬೆರೆತ ಹೊಟ್ಟು ಗೊಬ್ಬರವಾಗಿ ರೈತನಿಗೆ ಉಳಿಯುತ್ತದೆ. ಔಷಧಿ ಆರಿಸಿದವರು ಒಬ್ಬರು, ಅದರ ಉಳಿಕೆಯ ಒಡೆಯ ಇನ್ನೊಬ್ಬರು.

ಆ ಗೊಬ್ಬರಕ್ಕೆ ಬೇಡಿಕೆ ಕಡಿಮೆಯೇನಲ್ಲ. ಶುಂಠಿಗೆ, ಟೊಮೆಟೊಗೆ, ದ್ರಾಕ್ಷಿಗೆ ಲೋಡುಗಟ್ಟಲೆ ಹೋಗುತ್ತದೆ. ಕೋಳಿಗೊಬ್ಬರ ಕಾವು, ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ ಎಂದು ಬಲ್ಲ ರೈತರು ಅದನ್ನು ಕಳಿಯಲು ಬಿಡುತ್ತಾರೆ. ಒಳ್ಳೆಯ ರೂಢಿ. ಚೆನ್ನಾಗಿ ಕಳಿತರೆ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಸಾಕಷ್ಟು ಒಡೆಯುತ್ತದೆ. ಸಿಪ್ರೊ ಜಾತಿಯವು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಜೇಡಿಮಣ್ಣಿಗೆ ಅಂಟಿಕೊಂಡು ಬಹುಕಾಲ ಕೂತಿರುತ್ತವೆ. ಅಮೆರಿಕದ ಮಿನೆಸೋಟದಲ್ಲಿ 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೆಕ್ಕೆಜೋಳ, ಈರುಳ್ಳಿ ಸೊಪ್ಪು, ಕೋಸು ಮೂರೂ ಗೊಬ್ಬರ ಬೆರೆತ ಮಣ್ಣಿನಿಂದ ಟೆಟ್ರಾಸೈಕ್ಲಿನ್ ಗುಂಪಿನ ಕ್ಲೋರ್‌ಟೆಟ್ರಾಸೈಕ್ಲಿನ್ ಹೀರಿದ್ದವು. ಪ್ರಮಾಣ ತೀರಾ ಸಣ್ಣದು. ಹಾಗಾಗಿ ಸೊಪ್ಪಿಗಿಂತ ಮಣ್ಣಿನ ಬ್ಯಾಕ್ಟೀರಿಯಾಗಳ ಚಿಂತೆಯೇ ನನಗೆ ದೊಡ್ಡದು.

ಯಾಕೆಂದರೆ ಔಷಧಿ ಕರಗಿದರೂ ಅದನ್ನು ಎದುರಿಸಲು ಕಲಿತ ಜೀವಿ ಕರಗುವುದಿಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2017ರಲ್ಲಿ ಉತ್ತರ ಪ್ರದೇಶ, ಹರಿಯಾಣ, ರಾಜಸ್ಥಾನ, ಪಂಜಾಬಿನ 12 ಕೋಳಿಫಾರಂಗಳ ಹೊಟ್ಟನ್ನೂ ಸುತ್ತಲಿನ ಮಣ್ಣನ್ನೂ ಪರೀಕ್ಷಿಸಿತು. ಹಲವು ಔಷಧಿಗಳಿಗೆ ಜಗ್ಗದ ಈ-ಕೊಲೈ ಬ್ಯಾಕ್ಟೀರಿಯಾ ಶೆಡ್ಡಿನೊಳಗೂ ಸಿಕ್ಕಿತು, ಆ ಗೊಬ್ಬರ ಬಿದ್ದ ಹೊಲದಲ್ಲೂ ಸಿಕ್ಕಿತು.

ಇದು ಹೊಸ ಸುದ್ದಿಯೂ ಅಲ್ಲ! 1976ರಷ್ಟು ಹಿಂದೆಯೇ ಅಮೆರಿಕದ ವಿಜ್ಞಾನಿ ಸ್ಟುವರ್ಟ್ ಲೆವಿ ಬಾಸ್ಟನ್ ಬಳಿಯ ಫಾರಂ ಒಂದರ ಕೋಳಿಗಳಿಗೆ ಟೆಟ್ರಾಸೈಕ್ಲಿನ್ ಬೆರೆಸಿದ ಫೀಡ್ ಕೊಟ್ಟು ನಡೆಸಿದ ಅಧ್ಯಯನ ಪ್ರಕಟಿಸಿದ್ದರು. ಕೆಲವೇ ತಿಂಗಳಲ್ಲಿ ಆ ಫಾರಂ ಮನೆಯವರ ಕರುಳಿನಲ್ಲೂ ಟೆಟ್ರಾಸೈಕ್ಲಿನ್‌ಗೆ ಮಣಿಯದ ಬ್ಯಾಕ್ಟೀರಿಯಾ ಹೆಚ್ಚಿದವು. ಅವರು ಔಷಧಿ ನುಂಗಿರಲಿಲ್ಲ, ಕೋಳಿಗಳ ಜೊತೆ ಬದುಕಿದ್ದರು, ಅಷ್ಟೆ.

ಇನ್ನು ಕೊಲಿಸ್ಟಿನ್. ಐಸಿಯುನಲ್ಲಿ ಬೇರೆ ಔಷಧಿಗಳು ಸೋತಾಗ ಕೈಗೆತ್ತಿಕೊಳ್ಳುವಂಥದ್ದು. ಅದನ್ನು ಸೋಲಿಸುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ ಚೀನಾದಲ್ಲಿ ಸಿಕ್ಕಿದೆ ಎಂದು 2015ರಲ್ಲಿ ವರದಿಯಾಯಿತು. ನಾವು ಕೋಳಿ, ಮೀನು ಮತ್ತಿತರ ಆಹಾರ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿದ್ದು 2019ರ ಜುಲೈನಲ್ಲಿ. ತಡವಾದರೂ ಒಳ್ಳೆಯ ಕೆಲಸ.

ಮಾಂಸದಲ್ಲಿನ ಔಷಧಿ ಶೇಷಕ್ಕೆ ಮಿತಿ ಇದೆ. ರಸಗೊಬ್ಬರ ನಿಯಂತ್ರಣ ಆದೇಶದಡಿ ಸಾವಯವ ಗೊಬ್ಬರದ ಸೀಸ, ಪಾದರಸ, ಆರ್ಸೆನಿಕ್‌ಗೂ ಮಿತಿ ಇದೆ. ಅದೇ ಪಟ್ಟಿಯಲ್ಲಿ ಆಂಟಿಬಯಾಟಿಕ್‌ಗೆ ಒಂದು ಸಾಲು ಯಾಕಿಲ್ಲ? ಪ್ರಯೋಗಾಲಯ ದೂರವಿದ್ದರೆ ಶೆಡ್ಡಿನ ಪುಸ್ತಕದಿಂದಲಾದರೂ ಶುರುಮಾಡಬಹುದು: ಈ ಬ್ಯಾಚಿಗೆ ಯಾವ ಔಷಧಿ, ಯಾವ ದಿನ, ಎಷ್ಟು. ಅದರ ನಕಲು ಗೊಬ್ಬರದ ಲೋಡಿನ ಜೊತೆ ಹೋದರೆ, ಎಷ್ಟು ದಿನ ಕಳಿಯಲು ಬಿಡಬೇಕು, ಸೊಪ್ಪಿನ ಮಡಿಗೆ ಹಾಕಬೇಕೋ ತೋಟದ ಮರಕ್ಕೆ ಹಾಕಬೇಕೋ ಎಂದು ಕೊಂಡ ರೈತ ಕೃಷಿ ಅಧಿಕಾರಿಯನ್ನಾದರೂ ಕೇಳಿಯಾನು.