ಎಂಟನೇ ಮನೆಯ ಆಜ್ಞೆ

ನಮ್ಮ ಭಾಯಿಜಾನ್ ಬೆಂಗಳೂರಿನ ಒಂದು ದೊಡ್ಡ ಆಫೀಸ್ ಕಟ್ಟಡದಲ್ಲಿ ಕೆಲಸ ಮಾಡುತ್ತಾರೆ. ಕಟ್ಟಡದ ಎಸಿ, ದೀಪ, ಪಂಪುಗಳನ್ನು ಕಂಪ್ಯೂಟರ್ ಮುಂದೆ ಕುಳಿತು ನೋಡಿಕೊಳ್ಳುವುದು ಅವರ ಕೆಲಸ. ಬಕ್ರೀದ್ ರಜೆಗೆ ಊರಿಗೆ ಬಂದಾಗಲೂ ಅವರ ಫೋನ್ ಸುಮ್ಮನಿರಲಿಲ್ಲ. ಸಂಜೆ ಏಳಕ್ಕೆ ನಿಲ್ಲಬೇಕಾದ ಮೂರನೇ ಮಹಡಿಯ ಎಸಿ ಫ್ಯಾನ್ ರಾತ್ರಿಯಿಡೀ ಓಡುತ್ತಿದೆ ಎಂದು ದೂರು. ಭಾಯಿಜಾನ್ ಹೇಳಿದ್ದು ಒಂದೇ ಮಾತು: "ಎಂಟರಲ್ಲಿ ಏನಿದೆ ನೋಡು." ಎರಡು ನಿಮಿಷದಲ್ಲಿ ಫ್ಯಾನ್ ನಿಂತಿತು.

ಎಂಟು ಎಂದರೇನು ಎಂದು ಕೇಳಿದೆ. ಅವರು ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ 16 ಮನೆಗಳನ್ನು ಬರೆದು ತೋರಿಸಿದರು.

ದೊಡ್ಡ ಕಟ್ಟಡದಲ್ಲಿ ಒಂದೇ ಫ್ಯಾನಿಗೆ ಆಜ್ಞೆ ಕೊಡುವವರು ಹಲವರು. ವೇಳಾಪಟ್ಟಿಯ ಪ್ರೋಗ್ರಾಂ, ಕರೆಂಟ್ ಉಳಿಸುವ ಪ್ರೋಗ್ರಾಂ, ಬೆಂಕಿಯ ಅಲಾರಂ, ಜೊತೆಗೆ ಆಪರೇಟರ್. ಎಲ್ಲರೂ ಒಂದೇ ಜಾಗದಲ್ಲಿ ಬರೆದರೆ ಕೊನೆಗೆ ಬರೆದವರದೇ ನಡೆಯುತ್ತದೆ. ಬೆಂಕಿ ಬಿದ್ದಾಗ ಅಲಾರಂ "ನಿಲ್ಲು" ಎಂದ ಮರುಕ್ಷಣ ವೇಳಾಪಟ್ಟಿ "ಓಡು" ಎಂದರೆ ಗತಿಯೇನು? ಅದಕ್ಕೇ ಬ್ಯಾಕ್‌ನೆಟ್ ಎಂಬ ನಿಯಮಾವಳಿ ಇದೆ. ಅಮೆರಿಕದ ಆಶ್ರೇ ಎಂಬ ಎಂಜಿನಿಯರುಗಳ ಸಂಸ್ಥೆ ಅದನ್ನು 1995ರಲ್ಲಿ ಪ್ರಕಟಿಸಿತು.

ಅದರ ಪ್ರಕಾರ ಇಂಥ ಫ್ಯಾನಿಗೆ 16 ಮನೆಗಳು. 1 ಮತ್ತು 2 ಜೀವ ಉಳಿಸುವ ಆಜ್ಞೆಗಳಿಗೆ, 5 ಮುಖ್ಯ ಯಂತ್ರಗಳ ನಿಯಂತ್ರಣಕ್ಕೆ, 8 ಆಪರೇಟರ್‌ಗೆ. ಯಾವ ಮನೆ ಎಂದು ಹೇಳದೆ ಬರೆದರೆ ಅದು 16ಕ್ಕೆ ಹೋಗುತ್ತದೆ. ತುಂಬಿದ ಮನೆಗಳಲ್ಲಿ ಚಿಕ್ಕ ಸಂಖ್ಯೆಯದೇ ನಡೆಯುತ್ತದೆ. ಕೆಳಗಿನವರ ಮಾತು ಅಳಿಯುವುದಿಲ್ಲ, ಕಾಯುತ್ತಿರುತ್ತದೆ. ಮೇಲಿನವರು ಬಿಟ್ಟುಕೊಡಬೇಕಾದರೆ "ನಿಲ್ಲು" ಎಂದು ಬರೆದರೆ ಆಗದು, ಅದೂ ಒಂದು ಆಜ್ಞೆಯೇ. "ನಲ್" ಎಂದು ಬರೆಯಬೇಕು. ನಲ್ ಎಂದರೆ ಸೊನ್ನೆಯಲ್ಲ. "ಇನ್ನು ನನ್ನದೇನೂ ಇಲ್ಲ" ಎಂದು ಅರ್ಥ.

ಮೂರು ದಿನದ ಹಿಂದೆ ಸರ್ವಿಸ್ ಮಾಡುವಾಗ ಯಾರೋ 8ರಲ್ಲಿ "ಓಡು" ಎಂದು ಬರೆದು ಹಾಗೇ ಹೋಗಿದ್ದರು. ವೇಳಾಪಟ್ಟಿ ದಿನಾ ಸಂಜೆ 16ರಲ್ಲಿ "ನಿಲ್ಲು" ಎಂದು ತಪ್ಪದೆ ಬರೆಯುತ್ತಿತ್ತು. ಫ್ಯಾನ್ ಕೇಳಲಿಲ್ಲ. "ಬರೆದದ್ದು ತಪ್ಪಲ್ಲ, ಕೆಲಸ ಮುಗಿದ ಮೇಲೆ ಬಿಡದೇ ಹೋದದ್ದು ತಪ್ಪು" ಎಂದರು ಭಾಯಿಜಾನ್.

ಆ ರಾತ್ರಿ ನನಗೆ ನಮ್ಮ ಮನೆಯದೇ ಯೋಚನೆ. ಹೋದ ವರ್ಷ ನನಗೆ ಕಾಮಾಲೆ ಬಂದಿತ್ತು. ಆಗ ಅಬ್ಬಾ, "ಕಾಲೇಜು ಮುಗಿದ ಕೂಡಲೇ ಮನೆ. ಒಂದು ನಿಮಿಷವೂ ನಿಲ್ಲಬೇಡ" ಎಂದಿದ್ದರು. ಆಗ ಅದು ಸರಿಯೇ ಇತ್ತು. ನಾನು ಹುಷಾರಾದೆ, ಮಾತು ಮಾತ್ರ ಉಳಿಯಿತು. ತರಗತಿ ಮುಗಿದ ಮೇಲಿನ ಟ್ಯಾಲಿ ಕ್ಲಾಸಿಗೆ ನನ್ನ ಗೆಳತಿಯರೆಲ್ಲ ಸೇರಿದರು, ನಾನು ಬಸ್ ಹತ್ತುತ್ತಿದ್ದೆ. "ಟ್ಯಾಲಿಗೆ ಹೋಗಲಾ?" ಎಂದು ಎಷ್ಟೋ ಸಲ ಕೇಳಿದೆ. ಅಮ್ಮಿಯಿಂದಲೂ ಹೇಳಿಸಿದೆ. ಉತ್ತರ ಒಂದೇ: "ಹೇಳಿದ್ದೀನಲ್ಲ." ನಾವಿಬ್ಬರೂ 16ರಲ್ಲಿ ಬರೆಯುತ್ತಿದ್ದೆವು.

ಮರುದಿನ ಅಬ್ಬಾ ಅಂಗಡಿಯ ಲೆಕ್ಕ ಬರೆಯುವಾಗ ಹತ್ತಿರ ಕುಳಿತು ಬೇರೆ ರೀತಿ ಕೇಳಿದೆ. "ಅಬ್ಬಾ, ಕಾಮಾಲೆ ಬಂದಾಗ ನೀವೊಂದು ಮಾತು ಹೇಳಿದ್ದಿರಿ. ಅದು ಈಗಲೂ ಇದೆಯಾ?"

"ಯಾವ ಮಾತು?" ಎಂದರು. ನೆನಪಿಸಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಿನಗೆ ಹುಷಾರಾಗಿ ಎಷ್ಟು ದಿನವಾಯಿತು ಬೇಟಿ?"

"ಹತ್ತು ತಿಂಗಳು."

"ಅದು ಕಾಯಿಲೆಗೆ ಹೇಳಿದ್ದು. ಇನ್ನು ಇಲ್ಲ ಅಂದುಕೋ. ಆದರೆ ಕತ್ತಲಾಗುವ ಮುಂಚೆ ಮನೆಗೆ ಬರಬೇಕು, ಅದು ಇರಲಿ."

ಅದು ಅವರ ಒಂದನೇ ಮನೆಯ ಮಾತು. ನಾನು ವಾದಿಸಲಿಲ್ಲ. ಈಗ ನಾಲ್ಕೂವರೆ ಬಸ್ಸಿಗೆ ಬರುತ್ತೇನೆ. ಟ್ಯಾಲಿಯಲ್ಲಿ ಗೆಳತಿಯರಿಗಿಂತ ಬಹಳ ಹಿಂದಿದ್ದೇನೆ, ಆ ಹತ್ತು ತಿಂಗಳು ಯಾರೂ ವಾಪಸ್ ಕೊಡುವುದಿಲ್ಲ. ಅಬ್ಬಾ ಮೇಲೆ ಸಿಟ್ಟಿಲ್ಲ. ನನ್ನನ್ನು ಕಾಪಾಡಲು ಹೇಳಿದ ಮಾತು ಅದು, ಹೇಳಿದವರೇ ಮರೆತಿದ್ದರು, ಅಷ್ಟೆ.

ಕಳೆದ ವಾರ ನನ್ನ ತಮ್ಮ ಬಾಗಿಲಲ್ಲಿ ನಿಂತು, "ಆಪಾ, ಕ್ಯಾಲ್ಕುಲೇಟರ್ ಮುಟ್ಟಲಾ?" ಎಂದು ಕೇಳಿದ. ಎರಡು ವರ್ಷದ ಹಿಂದೆ ಅವನು ಅದನ್ನು ಬೀಳಿಸಿದಾಗ, ಇನ್ನು ಮುಟ್ಟಬೇಡ ಎಂದು ಕಿರುಚಿದ್ದೆ. ನನಗೆ ಮರೆತೇ ಹೋಗಿತ್ತು. ಅವನಿಗೆ ಮರೆತಿರಲಿಲ್ಲ.

"ತಗೋ, ಇನ್ನು ಕೇಳಬೇಡ" ಎಂದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ